ಕಾಕಾನಿಗೆ ಹಚ್ಚಿದ ರೀ

ರೋಗ ಹಬ್ಬುತ್ತಿದೆ, ಮನೆಯಲ್ಲೇ ಇರಿ, ಹೊರಗೆ ಬರಬೇಡಿ ಎಂದು ಆಟೋಕ್ಕೆ ಮೈಕು ಕಟ್ಟಿಕೊಂಡು ಬಂದವರು ನಮ್ಮ ಓಣಿಯಲ್ಲಿ ಕೂಗಿ ಹೋದ ದಿನ ನನಗೆ ನಗು ಬಂದಿತ್ತು. ಬನಹಟ್ಟಿಯ ನೇಕಾರರ ಓಣಿಗೆ ಬಂದು ಹೇಳುವ ಮಾತೇ ಅದು? ನಾವು ಮನೆ ಬಿಟ್ಟು ಎಲ್ಲಿಗೆ ಹೋಗುತ್ತಿದ್ದೆವು? ಹುಟ್ಟುವುದು ಮಗ್ಗದ ಸಪ್ಪಳದಲ್ಲಿ, ಉಣ್ಣುವುದು ಮಗ್ಗದ ಸಪ್ಪಳದಲ್ಲಿ, ಜಗಳವಾಡುವುದಿದ್ದರೂ ಮಗ್ಗದ ಸಪ್ಪಳಕ್ಕಿಂತ ಒಂದು ದನಿ ಮೇಲೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು, ಎರಡೆರಡರ ಎರಡು ಜೋಡಿ. ಬಾಗಿಲ ಕಡೆಯ ಜೋಡಿ ಅಪ್ಪನದು. ಗೋಡೆ ಕಡೆಯ ಜೋಡಿಯನ್ನು ತೇರದಾಳದಿಂದ ಬರುವ ಆಳು ನಡೆಸುತ್ತಿದ್ದ. ಅವುಗಳನ್ನು ದಾಟಿದರೆ ನಡುಮನೆ, ಅದರ ಮಗ್ಗುಲಿಗೆ ಒಂದು ಒಳಗಿನ ಕೋಣೆ ಮತ್ತು ಕಾಳಿನ ಕೋಣೆ, ಹಿಂದೆ ಒಲೆ ಮತ್ತು ಬಚ್ಚಲು. ಆಗ ನಾನು ಏಳನೆಯ ತರಗತಿ. ಈಗ ಇಪ್ಪತ್ತು ಹತ್ತಿರ ಬಂದಿದೆ. ದುಡಿದು ಉಣ್ಣುತ್ತೇನೆ, ಯಾರ ಮುಂದೆಯೂ ಕೈ ಒಡ್ಡಿಲ್ಲ. ಆದರೆ ಆ ಬೇಸಿಗೆಯಲ್ಲಿ ಆ ಮನೆಯೊಳಗೆ ಕಂಡದ್ದರ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಇದೆ. ಆರಲಿ ಎಂದು ಬರೆಯುತ್ತಿಲ್ಲ. ಆರಬಾರದು ಎಂದೇ ಬರೆಯುತ್ತಿದ್ದೇನೆ.

ಕಾಳಿನ ಕೋಣೆಯ ಮಾತು ಮೊದಲು ಹೇಳಬೇಕು. ಅದು ಆಯಿಯ ರಾಜ್ಯ, ಅಪ್ಪನನ್ನು ಹೆತ್ತ ಮುದುಕಿಯದು. ನೇಕಾರರಿಗೆ ಹೊಲವಿಲ್ಲ. ಬೆಳೆದು ಉಣ್ಣುವವರಲ್ಲವಾದ್ದರಿಂದ ಸುಗ್ಗಿ ಮುಗಿಯುತ್ತಲೇ ವರ್ಷಕ್ಕಾಗುವಷ್ಟು ಬಿಳಿಜೋಳ ಕೊಂಡು ತುಂಬಿಡಬೇಕು. ಆ ವರ್ಷವೂ ಅಪ್ಪ ಮಹಾಲಿಂಗಪುರದ ಪೇಟೆಯಿಂದ ಜೋಳವನ್ನೂ ಬೆಲ್ಲವನ್ನೂ ಹೇರಿಕೊಂಡು ಬಂದಿದ್ದ. ಆಯಿ ಜೋಳವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಹಸನು ಮಾಡಿ, ನಡುನಡುವೆ ಒಣಗಿದ ಬೇವಿನ ತಪ್ಪಲು ಇಟ್ಟು, ಚೀಲದ ಬಾಯಿ ಹೊಲಿದು ಗೋಡೆಗೆ ಸಾಲಾಗಿ ನಿಲ್ಲಿಸಿದ್ದಳು. ತೊಗರಿ, ಹೆಸರು, ಮಡಿಕೆಕಾಳು ತಗಡಿನ ಡಬ್ಬಿಗಳಲ್ಲಿ. ಆಗ ತಾನೇ ಕುಟ್ಟಿಸಿದ ಕೆಂಪು ಖಾರ ಭರಣಿಯಲ್ಲಿ. ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ರೊಟ್ಟಿಯ ಜತೆ ಎಣ್ಣೆ ಹಾಕಿ ಕಲಸಿಕೊಳ್ಳುವ ಪುಡಿಗಳು, ಬೇರೆ ಬೇರೆ. ಬಾಗಿಲು ತೆಗೆದರೆ ಬೇವು, ಖಾರ, ಬೆಲ್ಲ ಮೂರೂ ಕೂಡಿ ಮೂಗಿಗೆ ಹೊಡೆದು ಸೀನು ಬರುತ್ತಿತ್ತು. ಗೋದಿ ಮಾತ್ರ ಒಂದೇ ಒಂದು ಸಣ್ಣ ಚೀಲ. ಹಬ್ಬಕ್ಕೆ, ಮತ್ತೆ ಪಾವಣ್ಯಾರಿಗೆ. ನಮ್ಮ ಕಡೆ ಮನೆಗೆ ಬಂದು ಹೋಗುವ ನೆಂಟರಿಗೆ ಪಾವಣ್ಯಾರು ಅನ್ನುತ್ತೇವೆ. ಪಾವಣ್ಯಾರು ಬಂದರೆ ಬಿಸಿ ಚಪಾತಿ, ಅನ್ನ, ಮೇಲೆ ತುಪ್ಪ. ಮನೆಯವರಿಗೆ ಕಟಕ ರೊಟ್ಟಿ. ಅವ್ವ ವಾರಕ್ಕೊಮ್ಮೆ ಕೂತು ಬಡಿದು, ಗರಿಗರಿಯಾಗಿ ಒಣಗಿಸಿ, ಬಿಳಿ ಅರಿವೆ ಮುಚ್ಚಿ ನಡುಮನೆಯ ಬುಟ್ಟಿಯಲ್ಲಿ ಇಡುತ್ತಿದ್ದ ಜೋಳದ ರೊಟ್ಟಿ. ಹಸಿದ ಹೊತ್ತಿಗೆ ಆ ಬುಟ್ಟಿಗೆ ಕೈ ಹಾಕಿದರಾಯಿತು, ಯಾರನ್ನೂ ಕೇಳುವುದಿಲ್ಲ. ಪಾವಣ್ಯಾರು ಮಾತ್ರ ಎಷ್ಟೇ ಹಸಿದಿರಲಿ, ಅದಕ್ಕೆ ಕೈ ಹಾಕುವುದಿಲ್ಲ. ಇದನ್ನು ಯಾರೂ ನನಗೆ ಕಲಿಸಿದ್ದಲ್ಲ. ನಡೆದಾಡಲು ಕಲಿತ ಹಾಗೆ ಗೊತ್ತಾದದ್ದು.

ಯುಗಾದಿಯ ಹಿಂದಿನ ದಿನ ಪರಪ್ಪ ಕಾಕಾ ಬಂದ. ಅಪ್ಪನ ಒಬ್ಬನೇ ತಮ್ಮ. ನಾನು ಸಣ್ಣವನಿದ್ದಾಗ ಇದೇ ಮನೆಯಲ್ಲಿದ್ದ. ಗೋಡೆ ಕಡೆಯ ಜೋಡಿ ಅವನದೇ ಆಗಿತ್ತು. ನಾಲ್ಕೂ ಮಗ್ಗ ಅಣ್ಣತಮ್ಮ ಕೂಡಿ ದುಡಿದು ತಂದವು. ಆಮೇಲೆ ಒಂದು ಮನೆಯಲ್ಲಿ ಎರಡು ಸಂಸಾರ ಹಿಡಿಸುವುದಿಲ್ಲ ಎಂದು ಅಪ್ಪ ದಿನಾ ಒಂದಿಲ್ಲೊಂದು ಮಾತು ತೆಗೆಯತೊಡಗಿದ್ದಕ್ಕೆ ಕಾಕಾ ಕಸ್ತೂರಿ ಕಾಕಿಯನ್ನು ಕಟ್ಟಿಕೊಂಡು ಗಡಿಯಾಚೆಯ ಇಚಲಕರಂಜಿಗೆ ಹೋಗಿ ಅಲ್ಲಿ ಮಂದಿಯ ಮಗ್ಗ ನಡೆಸಲು ನಿಂತ. ಪಾಲು ಆಗಿರಲಿಲ್ಲ. ಪಾಲು ಎಂಬ ಶಬ್ದವನ್ನೇ ಇಬ್ಬರೂ ಬಾಯಿಂದ ತೆಗೆದಿರಲಿಲ್ಲ. ಈಗ ಅಲ್ಲಿ ಮಗ್ಗ ನಿಂತು, ಕೋಣೆ ಖಾಲಿ ಮಾಡಿ ಎಂದು ಮಾಲಕ ಹೇಳಿ, ಕಾಕಾ ಸರಕಿನ ಟೆಂಪೋ ಹಿಡಿದು ಕಾಕಿ ಮತ್ತು ಎರಡು ಸಣ್ಣ ಹುಡುಗಿಯರ ಜತೆ ಬಂದಿಳಿದಿದ್ದ. ಹೊಸ್ತಿಲಲ್ಲಿ ನಿಂತಿದ್ದ ಅಪ್ಪ ಅವನನ್ನು ನೋಡಿ ಹೇಳಿದ:

"ಬರ್ರಿ, ಬರ್ರಿ. ಕಾಲ ತೊಳಕೋರಿ."

ಕಾಕಾ ತಿರುಗಿ ಹಿಂದೆ ನೋಡಿದ. ನಿಜವಾಗಿ ನೋಡಿದ, ಚ್ಯಾಷ್ಟಿಗಲ್ಲ. ಆಮೇಲೆ ನಕ್ಕ.

"ಯಾರಿಗ ಅನ್ನಾಕತ್ತಿ ಅಣ್ಣಾ? ನನ್ನ ಹಿಂದ ಯಾರರ ಬಂದಾರ ಅಂತ ಮಾಡಿನ್ನಿ."

"ನಿಮಗ ರೀ. ದಣದ ಬಂದೀರಿ. ಒಳಗ ನಡೀರಿ."

ಊರ ಹೊರಗಿನವರಿಗೆ ಇದರಲ್ಲೇನು ತಪ್ಪು ಎಂದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಅಣ್ಣ ತಮ್ಮನನ್ನು ಲೇ ಅನ್ನುತ್ತಾನೆ. ಸಿಟ್ಟಿಗೆ ಲೇ, ಪ್ರೀತಿಗೆ ಲೇ, ನೀರು ಬೇಕಾದರೂ ಲೇ. ಅಪ್ಪ ಕಾಕಾನಿಗೆ ಹುಟ್ಟಿದಾಗಿನಿಂದ 'ಲೇ ಪರ್‍ಯಾ' ಅಂದವನು. ರೀ ಹಚ್ಚಿ ಮಾತಾಡುವುದು ಮಾಲಕನ ಜತೆ, ಮಾಸ್ತರರ ಜತೆ, ಬೀಗರ ಜತೆ. ಅವತ್ತು ಅಪ್ಪ ತಮ್ಮನಿಗೆ ರೀ ಹಚ್ಚಿದ್ದು ಮರ್ಯಾದೆಗೆ ಎಂದು ನನಗೂ ಅನಿಸಿತು. ದಣಿದು ಬಂದಿದ್ದಾರೆ, ಕನಿಕರ ಎಂದುಕೊಂಡೆ. ಮಬ್ಬು ನಾನು.

ಮರುದಿನ ಆರೋಗ್ಯದವರು ಬಂದು ಕಾಕಾನ ಕೈಮೇಲೆ ಮುದ್ರೆ ಒತ್ತಿ, ನಮ್ಮ ಬಾಗಿಲಿಗೆ ಚೀಟಿ ಅಂಟಿಸಿ, ಮನೆಯ ಯಾರೂ ಹೊಸ್ತಿಲು ದಾಟಬಾರದು ಎಂದು ಹೇಳಿ ಹೋದರು. ಅಲ್ಲಿಗೆ ಓಣಿಗೂ ನಮಗೂ ಸಂಬಂಧ ಕಡಿಯಿತು. ಹಾಲಿನವನು ಕಟ್ಟೆಯ ಮೇಲೆ ತಂಬಿಗೆಗೆ ಹಾಲು ಸುರಿದು ಓಡಿ ಹೋಗುತ್ತಿದ್ದ. ಕಾಯಿಪಲ್ಯ ಸಿಕ್ಕರೆ ಸಿಕ್ಕಿತು. ಉಳಿದದ್ದೆಲ್ಲ ಕಾಳಿನ ಕೋಣೆಯಿಂದಲೇ ಹೊರಡಬೇಕು. ಕಾಕಾನ ಸಂಸಾರಕ್ಕೆ ಬೇರೆ ಕೋಣೆ, ಬೇರೆ ತಾಟು. ರೋಗದ ಭಯಕ್ಕೆ ಅದು ಸರಿಯೇ ಇತ್ತು. ಆ ತಾಟಿಗೆ ಅವ್ವ ಬಡಿಸಿದ್ದು ಮಾತ್ರ ಚಪಾತಿ, ಅನ್ನ, ತುಪ್ಪ. ಕಾಕಿ ಮೊದಲ ದಿನ ಹಿಗ್ಗಿ ಹೋದಳು. ಇಚಲಕರಂಜಿಯಲ್ಲಿ ಕೊನೆಕೊನೆಗೆ ಬರೀ ಅನ್ನ ಖಾರ ಉಂಡು ಬಂದವರು. ಮಕ್ಕಳಂತೂ ತುಪ್ಪದ ಬೆರಳನ್ನು ನೆಕ್ಕಿ ನೆಕ್ಕಿ ಬಿಳುಪು ಮಾಡಿದವು. ಆದರೆ ಚಪಾತಿ ಎರಡನೆಯ ದಿನವೂ ಬಂತು, ಮೂರನೆಯ ದಿನವೂ ಬಂತು. ವಾರ ಕಳೆದರೂ ಬಂತು. ನಾವು, ಅಂದರೆ ಅಪ್ಪ, ಅವ್ವ, ಆಯಿ, ನಾನು, ಒಣ ರೊಟ್ಟಿಯನ್ನು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ಹಿಂಡಿಯ ಜತೆ ತಿನ್ನುತ್ತಿದ್ದೆವು. ಅಪ್ಪನೂ ಅದನ್ನೇ ತಿಂದ. ಅವನು ಕದ್ದು ಚಪಾತಿ ತಿಂದಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಯಾರೂ ಬೆರಳು ಮಾಡದ ಹಾಗೆ ಮಾಡಿದನಲ್ಲ, ಅದು ಸಿಟ್ಟು. ಹಿತ್ತಲ ಗೋಡೆಯಾಚೆಯ ಗೌರವ್ವ ದಿನಾ ಇಣುಕಿ ನೋಡಿ ಓಣಿಗೆಲ್ಲ ಕೇಳುವಂತೆ ಹೊಗಳುತ್ತಿದ್ದಳು.

"ತಮ್ಮನ್ನ ನೋಡ್ಕೊಂಡ್ರ ಈರಪ್ಪನಂಗ ನೋಡ್ಕೋಬೇಕ ನೋಡವಾ. ದಿನಾ ಚಪಾತಿ! ನಮ್ಮನ್ಯಾವ್ರು ಅವ್ರ ತಮ್ಮಗ ಒಂದ ಕಪ್ ಚಾ ಕುಡಸಾಂಗಿಲ್ಲ."

ಅದನ್ನು ಕೇಳಿ ಅಪ್ಪ ಮೀಸೆಯಲ್ಲೇ ನಗುತ್ತಿದ್ದ.

ಚೀಟಿಯ ಅವಧಿ ಮುಗಿಯಿತು. ಬಂದವರಿಗೆ ಏನೂ ಆಗಿಲ್ಲ ಎಂದಾಯಿತು. ಚೀಟಿ ಕಿತ್ತು ಹೋದರು. ಅವತ್ತು ಮಧ್ಯಾಹ್ನ ಕಾಕಾ ನಡುಮನೆಗೆ ಬಂದು, ನನ್ನ ಮಗ್ಗುಲಿಗೆ ಚಕ್ಕಳಬಕ್ಕಳ ಹಾಕಿ ಕೂತು, ಕೈ ತಿಕ್ಕಿಕೊಂಡ.

"ವೈನಿ, ಇವತ್ತ ಚಪಾತಿ ಬ್ಯಾಡ. ಒಂದ ಕಟಕ ರೊಟ್ಟಿ ಕೊಡ. ಗುರೆಳ್ಳ ಹಿಂಡಿ ಹಾಕಿ ಎಣ್ಣಿ ಹಾಕ. ಉಳ್ಳಾಗಡ್ಡಿ ಇದ್ರ ಒಂದ ಜಜ್ಜಿ ಕೊಡ. ಆ ಊರಾಗ ಇದ ನೆನಸ್ಕೊಂಡ ಕುಂದ್ರತಿದ್ನಿ ನಾ."

ಅವ್ವನ ಮುಖ ಅರಳಿತು. ಕೈ ಬುಟ್ಟಿಯ ಅರಿವೆಗೆ ಹೋಯಿತು. ಅಪ್ಪ ಊಟ ಮಾಡುತ್ತಿದ್ದವನು ತಲೆ ಎತ್ತದೆಯೇ ಅಂದ:

"ಛೇ ಛೇ. ಬಂದವ್ರಿಗೆ ಒಣ ರೊಟ್ಟಿ ಕೊಡ್ತಾರೇನ? ಚಪಾತಿ ಹಾಕ."

"ಅಣ್ಣಾ, ನಾನ ಬೇಡಾಕತ್ತೇನಿ."

"ನೀವು ಬೇಡಬೌದ್ರಿ, ನಮಗ ಬರೋಬ್ಬರಿ ಕಾಣಬೇಕಲ್ಲ? ಉಣ್ರಿ."

"ರೀ ಹಚ್ಚಬ್ಯಾಡ ಅಣ್ಣಾ. ಕೈ ಮುಗೀತೀನಿ."

ಅವ್ವನ ಕೈ ಅರಿವೆಯ ಮೇಲೆ ಹಾಗೇ ಇತ್ತು. ಆಮೇಲೆ ಹಿಂದೆ ಬಂತು. ಚಪಾತಿ ತಾಟಿಗೆ ಬಿತ್ತು. ಕಾಕಾ ಅದನ್ನು ಹರಿದು ಬಾಯಿಗೆ ಇಟ್ಟುಕೊಂಡದ್ದನ್ನು ನಾನು ಮಗ್ಗುಲಲ್ಲೇ ಕೂತು ನೋಡಿದೆ. ಅಗಿಯುತ್ತಲೇ ಇದ್ದ. ಕೂಲಿಯವನಿಗೂ ಕೇಳಿದರೆ ಕೊಡುವ ಒಣ ರೊಟ್ಟಿಯನ್ನು ಹೆತ್ತವ್ವನ ಮನೆಯಲ್ಲಿ ಅವನಿಗೆ ಕೊಡಲಿಲ್ಲ. ಕಾಳಿನ ಕೋಣೆಯಲ್ಲಿ ಅವ್ವ ಒಬ್ಬಳೇ ಸಿಕ್ಕಾಗ ನಾನು ಹರಿಹಾಯ್ದೆ. ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಸುಮ್ನಿರ ಮಲ್ಲ್ಯಾ. ನಿಮ್ಮಪ್ಪಗ ಅಂಜಿಕಿ ಹೊಕ್ಕೈತಿ. ಇವ್ರು ಮನ್ಯಾಗ ಮನ್ಯಾವ್ರಂಗ ಕಲತ್ರ ನಾಳೆ ಅರ್ಧ ಮನಿ, ಒಂದ ಜೋಡಿ ಮಗ್ಗ ಕೇಳ್ತಾರ ಅಂತ. ಪಾವಣ್ಯಾರಂಗ ಇಟ್ರ, ನಾಚಿ ತಾವ ಹೋಗತಾರ ಅಂತ."

"ನೀ ಯಾಕ ಕೇಳ್ತಿ ಅವನ ಮಾತ?"

"ನಾ ಯಾರ ಮಾತ ಕೇಳಲೋ ಮತ್ತ?"

ಚಪಾತಿ ಮಾಡಲು ಹಿಟ್ಟು ಬೇಕಲ್ಲ. ಗಿರಣಿ ಮುಚ್ಚಿತ್ತು. ಬಚ್ಚಲ ಮೂಲೆಯಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು ಅವ್ವ ಒಬ್ಬಳೇ ಗೋದಿ ಬೀಸುತ್ತಿದ್ದಳು. ಬೀಸುಕಲ್ಲು ಒಬ್ಬರದಲ್ಲ, ಎದುರುಬದುರು ಇಬ್ಬರು ಕೂತು ಗೂಟ ಹಿಡಿದರೆ ಹಗುರಾಗಿ ತಿರುಗುತ್ತದೆ. ಅವ್ವನ ಅಂಗೈ ಬೊಬ್ಬೆ ಬಂದು ಒಡೆದು ಅರಿವೆ ಸುತ್ತಿಕೊಂಡಿದ್ದಳು. ಮನೆಯವರು ತಿನ್ನದ ಗೋದಿ, ಬಂದವರು ಬೇಡ ಎನ್ನುವ ಗೋದಿ, ಅದಕ್ಕಾಗಿ ನನ್ನ ಅವ್ವನ ಕೈಯಲ್ಲಿ ರಕ್ತ. ಒಂದು ಮುಂಜಾನೆ ಕಾಕಿ ಸುಮ್ಮನೆ ಬಂದು ಅವ್ವನ ಎದುರಿಗೆ ಕಾಲು ಚಾಚಿ ಕೂತು ಗೂಟಕ್ಕೆ ಕೈ ಹಾಕಿದಳು. ಕಲ್ಲು ಗರಗರ ತಿರುಗಿತು. ಎಷ್ಟೋ ದಿನಗಳ ಮೇಲೆ ಅವ್ವ ಉಸಿರು ಬಿಟ್ಟದ್ದು ಕೇಳಿಸಿತು. ಅಪ್ಪ ಹಲ್ಲು ತಿಕ್ಕುತ್ತ ಬಂದವನು ಅಲ್ಲೇ ನಿಂತ.

"ಏನಿದು? ಪಾವಣ್ಯಾರ ಕಡಿಂದ ಬೀಸಿಸ್ಕೊಂಡ್ರ ಓಣಿ ಮಂದಿ ಏನಂದಾರು? ಏಳ್ರಿ ನೀವು."

ಕಾಕಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಗೂಟ ಬಿಡಲಿಲ್ಲ.

"ಭಾವಾರ, ಇದ ಕಲ್ಲಿನ್ಯಾಗ ಅರಿಷಿಣ ಬೀಸಿಸಿ ನನ್ನ ಮನಿ ತುಂಬಿಸ್ಕೊಂಡೀರಿ. ನಾ ಯಾವಾಗಿಂದ ಪಾವಣ್ಯಾಳ ಆದ್ನಿ, ಅದೊಂದ ಹೇಳ್ರಿ."

ಅಪ್ಪ ಬಾಯಿ ಮುಕ್ಕಳಿಸಿ ಉಗುಳಿ ಹೋದ. ಹಟ ಮಾತ್ರ ಬಿಡಲಿಲ್ಲ. ಹೋಗುವಾಗ ಅವ್ವನ ಕಡೆ ನೋಡಿದ ನೋಟಕ್ಕೆ ಅವ್ವ ಕಾಕಿಯ ಬೆರಳುಗಳನ್ನು ಒಂದೊಂದಾಗಿ ಗೂಟದಿಂದ ಬಿಡಿಸಿ, ಮತ್ತೆ ಒಬ್ಬಳೇ ಬೀಸಿದಳು.

ಗೋದಿಯ ಚೀಲ ತಳ ಕಂಡಿತು. ನನಗೆ ಒಳಗೊಳಗೆ ಖುಷಿ. ಇನ್ನು ಎಲ್ಲರಿಗೂ ಒಂದೇ ಬುಟ್ಟಿ, ಇನ್ನೇನು ಮಾಡುತ್ತಾನೆ ಎಂದುಕೊಂಡೆ. ಅಪ್ಪ ಮಾಡಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹಿತ್ತಲ ಗೋಡೆಯಾಚೆ ಗೌರವ್ವನ ಮನೆಯಲ್ಲಿ ಗೋದಿ ಇತ್ತು, ಜೋಳ ಕಡಿಮೆ ಬಿದ್ದಿತ್ತು. ಅವಳ ಗಂಡನ ಜತೆ ಮಾತಾಡಿ, ನಮ್ಮ ಒಂದು ಚೀಲ ಜೋಳ ಕೊಟ್ಟು ಗೋದಿ ತರುವುದೆಂದು ನಿಕ್ಕಿ ಮಾಡಿಕೊಂಡು ಬಂದ. ಮಗ್ಗ ನಿಂತಿವೆ, ನೂಲು ಯಾವಾಗ ಬರುತ್ತದೋ ಗೊತ್ತಿಲ್ಲ, ಮಳೆಗಾಲ ಮುಂದಿದೆ, ಮನೆಯಲ್ಲಿ ಎಂಟು ಬಾಯಿ. ವರ್ಷದ ಅನ್ನವನ್ನು ಗೋಡೆ ದಾಟಿಸಿ, ತಮ್ಮನನ್ನು ಇನ್ನಷ್ಟು ದಿನ ಪಾವಣ್ಯಾನಾಗಿ ಇಡಲು ಗೋದಿ ತರುವವನಿಗೆ ಏನೆನ್ನಬೇಕು? ಚೀಲ ಎಳೆಯಲು ನನ್ನನ್ನೇ ಕರೆದ. ನಾನು ಹೋಗಲಿಲ್ಲ. ಬೆನ್ನಿಗೆ ಒಂದು ಬಿತ್ತು. ಆದರೂ ಹೋಗಲಿಲ್ಲ. ತಾನೇ ಎಳೆಯಲು ಬಗ್ಗಿದಾಗ ಆಯಿ ಗೋಡೆ ಹಿಡಿದುಕೊಂಡು ಬಂದು ಆ ಚೀಲದ ಮೇಲೆ ಕೂತುಬಿಟ್ಟಳು. ಕಾಕಾ ಬಂದಾಗಿನಿಂದ ಬಾಯಿ ಬಿಡದೆ ಮೂಲೆ ಹಿಡಿದಿದ್ದ ಮುದುಕಿ.

"ಏಳ ಬೇ. ಹುಚ್ಚ ಹಿಡದೈತೇನ ನಿನಗ?"

"ನನಗೇನೋ, ನಿನಗ ಹಿಡದೈತಿ. ಇಬ್ರನ್ನ ಹಡದೇನಿ ನಾ. ಒಬ್ಬನ್ನ ಪಾವಣ್ಯಾ ಮಾಡಾಕ ನಾ ಹಸನ ಮಾಡಿಟ್ಟ ಜ್ವಾಳ ಬೇಕೇನ ನಿನಗ, ಭಾಡ್ಯಾ?"

"ಮಂದಿ ಕೇಳ್ತಾರ. ಸಾವಕಾಶ ಮಾತಾಡ."

"ಕೇಳ್ಲಿ! ಗೌರವ್ವಾ, ಕೇಳಾಕತ್ತೀ ಏನವಾ? ಕೇಳ. ನನ್ನ ಮಗ ತಮ್ಮಗ ರೊಟ್ಟಿ ಕೊಡಾಕ ಅಂಜತಾನವಾ."

ಗೋಡೆಯಾಚೆ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು. ಆಗ ಒಳಗಿನ ಕೋಣೆಯಿಂದ ಕಾಕಾ ಬಂದ. ಅಪ್ಪನ ಮೇಲೆ ಏರಿ ಹೋಗುತ್ತಾನೆ ಎಂದುಕೊಂಡೆ. ಹೋಗಲಿ ಎಂದೇ ಆಸೆಪಟ್ಟೆ. ಅವನು ಆಯಿಯ ರಟ್ಟೆ ಹಿಡಿದು ಎಬ್ಬಿಸಿದ. ಚೀಲವನ್ನು ಎದೆಗೆ ಅವುಚಿ ಎತ್ತಿ, ಸಾಲಿನಲ್ಲಿ ಅದರ ಜಾಗಕ್ಕೇ ಇಟ್ಟು, ಅಂಗಿ ಜಾಡಿಸಿಕೊಂಡ.

"ಜ್ವಾಳ ಇರ್ಲಿ ಅಣ್ಣಾ. ಮಳಿಗಾಲಕ್ಕ ನಿಮಗ ಬೇಕಾಕ್ಕಾವು. ರಸ್ತಾ ಬಿಟ್ಟ ದಿನಾ ನಾ ಹೋಗತೀನಿ. ಅಲ್ಲೀತನ ಅನ್ನ ಮಜ್ಜಗಿ ಸಾಕ ನಮಗ."

ನೀ ಎಲ್ಲಿಗೂ ಹೋಗಬೇಡ ಎಂದು ಅಪ್ಪ ಅನ್ನಬಹುದಿತ್ತು. ನಾವೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡು, "ನಿಮ್ಮ ಖುಷಿ ರೀ" ಅಂದ.

ಓಡಾಡಲು ರಸ್ತೆ ಬಿಟ್ಟರು. ಗಡಿ ದಾಟಲು ಪಾಸು ಸಿಕ್ಕಿತು. ಕಾಕಾ ಹೊರಟ ಮುಂಜಾನೆ ಅಪ್ಪ ಅವ್ವನಿಗೆ ಉಡಿ ತುಂಬಲು ಹೇಳಿದ. ನಮ್ಮ ಮನೆಯಲ್ಲಿ ಗಂಡನ ಮನೆಗೆ ಹೊರಟ ಮಗಳಿಗೆ, ಬಂದು ಹೋಗುವ ಹೆಣ್ಣುಮಗಳಿಗೆ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಅರಿವೆ ಹಾಕಿ ಕಳಿಸುತ್ತೇವೆ. ಅವ್ವ ಮೊರ ಹಿಡಿದು ಬಂದಳು. ಕಾಕಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಗಿಸಿಕೊಂಡು ನಿಂತಿದ್ದಳು.

"ಸೆರಗ ಒಡ್ಡ ಕಸ್ತೂರಿ."

"ಒಲ್ಲೆ ಅಕ್ಕಾ. ನಿಮ್ಮ ಮ್ಯಾಲ ಸಿಟ್ಟಿಲ್ಲ ನಂದು. ನಾ ಈ ಮನಿ ಸೊಸಿ. ಉಡಿ ತುಂಬಿಸ್ಕೊಂಡ ಹ್ವಾದ್ರ ಹೊರಗಿನ್ಯಾಕಿ ಅಂತ ನಾನ ಒಪ್ಪಿದಂಗ ಆಕ್ಕೈತಿ."

ಮಕ್ಕಳ ಕೈ ಹಿಡಿದು ಹೊಸ್ತಿಲು ದಾಟಿದಳು. ಅವ್ವ ಮೊರ ಹಿಡಿದುಕೊಂಡೇ ಅತ್ತಳು, ಕಣ್ಣು ಒರೆಸಿಕೊಳ್ಳಲೂ ಕೈ ಖಾಲಿ ಇರಲಿಲ್ಲ. ಕಾಕಾ ಆಯಿಯ ಕಾಲು ಮುಟ್ಟಿದ, ನನ್ನ ತಲೆ ಸವರಿದ, ಚೀಲ ಹೆಗಲಿಗೇರಿಸಿದ.

"ಹೋಗಿ ಬರ್ರಿ," ಅಂದ ಅಪ್ಪ.

"ಒಮ್ಮೆರ 'ಹೋಗಲೇ' ಅನ್ನ ಅಣ್ಣಾ," ಅಂದ ಕಾಕಾ. "ಬೈದ ಕಳಸ. ನಡೀತೈತಿ ನನಗ."

ಅಪ್ಪ ಅನ್ನಲಿಲ್ಲ. ಮೂರಕ್ಷರ. ಅದಕ್ಕೆ ಕಾಳು ಖರ್ಚಾಗುತ್ತಿರಲಿಲ್ಲ, ಎಣ್ಣೆ ಖರ್ಚಾಗುತ್ತಿರಲಿಲ್ಲ. ಓಣಿಯ ತಿರುವಿನಲ್ಲಿ ಅವರು ಮರೆಯಾಗುವವರೆಗೂ ಕಾಕಾ ಹಿಂದೆ ನೋಡುತ್ತ ನೋಡುತ್ತ ಹೋದ. ಅಪ್ಪ ಹೊಸ್ತಿಲಲ್ಲಿ ಕಂಬದ ಹಾಗೆ ನಿಂತಿದ್ದ.

ಆಮೇಲೆ ಮಗ್ಗ ಶುರುವಾಗುವ ಹೊತ್ತು ಬಂತು. ತೇರದಾಳದ ಆಳು ಹೊಲದ ಕೆಲಸಕ್ಕೆ ಹತ್ತಿದ್ದ, ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದ. ಈ ಊರಿನಲ್ಲಿ ಕಾಕಾನಂತೆ ಹರಿದ ಎಳೆ ಕೂಡಿಸುವ ಕೈ ಇನ್ನೊಂದಿಲ್ಲ. ಆ ಕೈಯನ್ನು ತುಪ್ಪ ಹಚ್ಚಿ ಹಚ್ಚಿ ಮನೆಯಿಂದ ದೂಡಿದವನಿಗೆ ಈಗ ಎರಡು ಮಗ್ಗಕ್ಕೆ ಆಳಿಲ್ಲ. ನಮಗೆ ನೂಲು ಕೊಟ್ಟು ನೇಯಿಸಿಕೊಳ್ಳುವ ಮಾಲಕರ ಕಡೆಯವನು ಹಾಸಿನ ನೂಲು ಸುತ್ತಿದ ಬೀಮುಗಳನ್ನು ಮಗ್ಗಕ್ಕೆ ಕೂಡಿಸಿ, ಮೀಸೆಯ ಕೆಳಗೆ ಜಾರಿದ ಮಾಸ್ಕು ಏರಿಸಿಕೊಂಡು ಕೇಳಿದ.

"ಗೋಡಿ ಕಡಿ ಜೋಡಿ ಯಾರ ನಡಸವ್ರು ಈರಪ್ಪಾ? ತಮ್ಮ ಬಂದಿದ್ದನಲ್ಲ?"

"ಹ್ವಾದ. ಇವ ಅದಾನಲ್ಲ, ಮಲ್ಲ್ಯಾ."

"ಅವನ ಸಾಲಿ?"

"ಸಾಲಿ ಎಲ್ಲೈತ್ರಿ? ಫೋನಿನ್ಯಾಗ ಐತಿ ಅಂತಾರ. ಅಂಥಾ ಫೋನ ನಮ್ಮನ್ಯಾಗಿಲ್ಲ. ಸಾಕ ಬಿಡ್ರಿ, ಕಲತಿದ್ದ."

ನನ್ನನ್ನು ಒಂದು ಮಾತು ಕೇಳಲಿಲ್ಲ. ಸಾಲಿ ತೆರೆದಾಗ ನನ್ನ ಜತೆಯವರು ಎಂಟನೆಯ ತರಗತಿಗೆ ಹೋದರು, ನಾನು ಹೋಗಲಿಲ್ಲ. ರೋಗ ನನ್ನ ಸಾಲಿ ಬಿಡಿಸಿತು ಎಂದು ಮಂದಿ ಅನ್ನುತ್ತಾರೆ. ಸುಳ್ಳು. ಕಾಕಾ ಮನೆಯಲ್ಲಿದ್ದಿದ್ದರೆ ನಾನು ಸಾಲಿಯಲ್ಲಿರುತ್ತಿದ್ದೆ. ಅವತ್ತು ನಾನು ಅಳಲಿಲ್ಲ, ಓಡಿ ಹೋಗಲಿಲ್ಲ. ಗೋಡೆ ಕಡೆಗೆ ನಡೆದು, ಮಗ್ಗದ ಮೇಲೆ ಕೂತಿದ್ದ ಧೂಳನ್ನು ಅಂಗಿಯಿಂದಲೇ ಒರೆಸಿದೆ. ಮಾಲಕರ ಕಡೆಯವನು ಜೇಬಿನಿಂದ ಪೆನ್ನು ತೆಗೆದು, "ಇದು ಯಾರ ಜೋಡಿ ಅಂತ ಬರಕೊಳ್ಳಲಿ? ಮಲ್ಲಪ್ಪನ ಜೋಡಿ ಅನ್ನಲೇನ?" ಅಂದ.

"ಪರಪ್ಪನ ಜೋಡಿ ಅಂತ ಬರೀರಿ," ಅಂದೆ. "ಅವ ಬರೂತನ ನಡಸಾವ ನಾ."

ಅಪ್ಪ ನನ್ನನ್ನು ನೋಡಿದ. ಪೆನ್ನಿನವನು ಅಪ್ಪನನ್ನು ನೋಡಿದ. ನಾನು ಸ್ವಿಚ್ಚು ಒತ್ತಿದೆ. ಎರಡೂ ಮಗ್ಗ ಒಮ್ಮೆಲೇ ಹೊಡೆಯತೊಡಗಿದವು. ಅಪ್ಪ ಏನೋ ಅಂದದ್ದು ತುಟಿಯಲ್ಲಿ ಕಂಡಿತು, ಆ ಸಪ್ಪಳದಲ್ಲಿ ಕೇಳಲಿಲ್ಲ. ಇನ್ನೊಮ್ಮೆ ಹೇಳು ಎಂದು ನಾನು ಕೇಳಲೂ ಇಲ್ಲ.